ಕಾಸ್ತ್ರೊ ಬಾರೋಸ್ ಬೀದಿಗೆ ಹೋಗದ ಟ್ಯಾಕ್ಸಿ

ಅನ್ಸೆಲ್ಮೊ ಲಂಬೆರ್ತಿಯ ಟ್ಯಾಕ್ಸಿ ಹತ್ತಿದವರಿಗೆ ಒಂದೆರಡು ಸಿಗ್ನಲ್ ದಾಟುವುದರೊಳಗೆ ಅವನ ಮನೆಯ ಸಮಾಚಾರವೆಲ್ಲ ತಿಳಿದುಹೋಗುತ್ತಿತ್ತು. ಹೆಂಡತಿ ನಿಲ್ದಾಳ ಮಂಡಿನೋವು, ಕಾನೂನು ಓದಿ ಮುಗಿಸಿದ ಮಗಳು ಅಯೆಲೆನ್ ಈಗ ಡೋಲು ಬಾರಿಸಲು ಕಲಿಯುತ್ತಿರುವುದು, ಮೇಲಿನ ಮನೆಯವರ ಸ್ನಾನದ ನೀರು ತಮ್ಮ ಅಡುಗೆಮನೆಗೆ ತೊಟ್ಟಿಕ್ಕುವುದು, ಮೊನ್ನೆ ತಾನು ಹಲ್ಲು ಕೀಳಿಸಿಕೊಂಡದ್ದು. ಕಿತ್ತ ಹಲ್ಲು ಇನ್ನೂ ಅಂಗಿಯ ಜೇಬಿನಲ್ಲೇ ಇತ್ತು. ಬೇಕೆಂದವರಿಗೆ ತೆಗೆದೂ ತೋರಿಸುತ್ತಿದ್ದ.

ಅವನ ಕಪ್ಪು-ಹಳದಿ ಟ್ಯಾಕ್ಸಿ ನಿಲ್ಲುತ್ತಿದ್ದುದು ಗ್ವೇಮೆಸ್ ಚೌಕದಲ್ಲಿ, ಚರ್ಚಿನ ಎದುರು. ಬ್ಯೂನಸ್ ಐರಿಸ್‌ನಲ್ಲಿ ಮನಸ್ಸಿನ ಡಾಕ್ಟರಿಲ್ಲದ ಬೀದಿಯೇ ಇಲ್ಲ, ಆದರೆ ಆ ಚೌಕದ ಸುತ್ತ ಪೂರ್ತಿ ಅವರದೇ ಕಾರುಬಾರು. ಅನ್ಸೆಲ್ಮೊಗೆ ಸಿಗುವ ಗಿರಾಕಿಗಳಲ್ಲಿ ಅರ್ಧ ಜನ ಆಗತಾನೆ ಡಾಕ್ಟರ ಮಂಚದ ಮೇಲೆ ಮಲಗಿ ಮನಸ್ಸು ಬಿಚ್ಚಿಟ್ಟು ಬಂದವರು. ಕಣ್ಣು ಕೆಂಪು, ಮೂಗು ಇನ್ನೂ ಕೆಂಪು. ಉಳಿದ ಅರ್ಧ ಅವರ ಮಾತು ಕೇಳಿ ಕೇಳಿ ಬಳಲಿ ಮನೆಗೆ ಹೊರಟ ಡಾಕ್ಟರುಗಳು.

"ನಾನು ಬಾಸ್ ಜೊತೆ ಜಗಳ ಆಡ್ತಿರೋದು ನಿಜವಾಗಿ ನಮ್ಮಪ್ಪನ ಜೊತೆಯಂತೆ ಯಜಮಾನ್ರೇ" ಎಂದು ಒಬ್ಬಳು ಹೇಳಿದರೆ, "ನನ್ನ ಮದುವೆ ಮುರಿದಿದ್ದು ನಾನಲ್ಲ, ನನ್ನ ಒಳಮನಸ್ಸು" ಎಂದು ಇನ್ನೊಬ್ಬ ಹೇಳುತ್ತಿದ್ದ. ಅನ್ಸೆಲ್ಮೊ ಕನ್ನಡಿಯಲ್ಲಿ ಅವರ ಮುಖ ನೋಡಿ ಮರುಗುತ್ತಿದ್ದ. ಈ ಊರಿನಲ್ಲಿ ನೆಟ್ಟಗೆ ಉಳಿದವನು ತಾನೊಬ್ಬನೇ ಎಂಬ ನಂಬಿಕೆ ದಿನೇದಿನೇ ಗಟ್ಟಿಯಾಗುತ್ತಿತ್ತು.

"ನಂಗೆ ಅಂಥದ್ದೇನೂ ಇಲ್ಲಪ್ಪ. ನನ್ನ ತಲೇಲಿ ಕತ್ತಲೆ ಕೋಣೆ ಅಂತಾನೇ ಇಲ್ಲ. ಎಲ್ಲ ಜಗಲಿ. ಬಂದೋರು ಕೂತ್ಕೋಬಹುದು" ಎನ್ನುತ್ತಿದ್ದ.

ಮಾತು ಪೂರ್ತಿ ಸುಳ್ಳೇನಲ್ಲ. ಅವನ ಬಾಯಲ್ಲಿ ಯಾವ ಗುಟ್ಟೂ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಯಾರಿಗಾದರೂ ಹುಟ್ಟುಹಬ್ಬದ ಉಡುಗೊರೆ ತಂದರೆ ಅವನಿಗೆ ಹೇಳುವುದು ಎಲ್ಲರಿಗಿಂತ ಕೊನೆಗೆ, ಅದೂ ಉಡುಗೊರೆಯ ಕಾಗದ ಹರಿಯುವ ಹೊತ್ತಿಗೆ. ಅವನದೇ ಹುಟ್ಟುಹಬ್ಬದಂದು ಮೇಣದ ಬತ್ತಿ ಚುಚ್ಚುತ್ತಿದ್ದುದು ಆಲೂಗೆಡ್ಡೆಯ ಆಮ್ಲೆಟ್ಟಿಗೆ, ಯಾಕೆಂದರೆ ಅವನು ಸಿಹಿ ಮುಟ್ಟುತ್ತಿರಲಿಲ್ಲ. ಕೇಕು ಅಂಗಡಿಯ ಮುಂದೆ ನಡೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಹಾಗೆ ಹಿಡಿಯುತ್ತೇನೆಂಬುದು ಅವನಿಗೇ ಗೊತ್ತಿರಲಿಲ್ಲ.

ಆ ವರ್ಷ ಚಳಿಗಾಲದಲ್ಲಿ ಡಾಕ್ಟರ್ ರೆಬೆಕಾ ವೈಸ್‌ಮನ್ ಬಚ್ಚಲಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡರು. ಎಪ್ಪತ್ತು ದಾಟಿದ ಹೆಂಗಸು, ಅವರೂ ಮನಸ್ಸಿನ ಡಾಕ್ಟರೇ, ಚೌಕದ ಪಕ್ಕದಲ್ಲೇ ಅವರ ಕ್ಲಿನಿಕ್ಕು. ಕೈಗೆ ಪಟ್ಟಿ ಹಾಕಿದ ಮೇಲೆ ಕಾರು ಓಡಿಸುವುದು ಬಿಟ್ಟು ಸಂಜೆಯ ಹೊತ್ತು ಅನ್ಸೆಲ್ಮೊನ ಟ್ಯಾಕ್ಸಿಯಲ್ಲೇ ಮನೆಗೆ ಹೋಗತೊಡಗಿದರು. ಮನೆ ಇದ್ದದ್ದು ಅಲ್ಮಾಗ್ರೊ ಕಡೆ, ಕಾಸ್ತ್ರೊ ಬಾರೋಸ್ ಬೀದಿಯಲ್ಲಿ.

ಮೊದಲ ದಿನ ಅನ್ಸೆಲ್ಮೊ ಅವರನ್ನು ಬೊಯೆದೊ ರಸ್ತೆಯ ಮೂಲೆಯಲ್ಲಿ ಇಳಿಸಿದ. "ನಿಮ್ಮ ಬೀದೀಲಿ ಚರಂಡಿ ಅಗೀತಿದಾರೆ ಡಾಕ್ಟ್ರೇ, ಇಲ್ಲಿಂದ ನಾಕು ಹೆಜ್ಜೆ." ಮರುದಿನ ಶಾಲೆ ಬಿಡುವ ಹೊತ್ತು, ಮಕ್ಕಳ ಗಲಾಟೆ. ಅದರ ಮರುದಿನ ಬಿಯರ್ ಲಾರಿ ಅಡ್ಡ ನಿಂತಿರುತ್ತದೆ. ಹೀಗೆ ವಾರಗಳು ಕಳೆದವು. ರೆಬೆಕಾ ಪಟ್ಟಿ ಕಟ್ಟಿದ ಕೈ ಎದೆಗೊತ್ತಿಕೊಂಡು ಮೂಲೆಯಿಂದ ಮನೆಗೆ ನಡೆಯುತ್ತಿದ್ದರು. ಬೀದಿಯಲ್ಲಿ ಚರಂಡಿಯೂ ಅಗೆದಿರಲಿಲ್ಲ, ಲಾರಿಯೂ ಇರುತ್ತಿರಲಿಲ್ಲ.

ಒಂದು ದಿನ ಇಳಿಯುವ ಮೊದಲು ಕೇಳಿದರು. "ಲಂಬೆರ್ತಿಯವರೇ, ನಮ್ಮ ಬೀದಿ ನಿಮಗೆ ಏನು ಮಾಡಿದೆ?"

"ಬೀದಿ ಏನು ಮಾಡುತ್ತೆ ಡಾಕ್ಟ್ರೇ?"

"ಅದೇ ನಾನು ಕೇಳಿದ್ದು. ಇವತ್ತು ಮಳೆ ಬರೋ ಹಾಗಿದೆ. ಬಾಗಿಲ ತನಕ ಬಿಡ್ತೀರಾ?"

"ಅದಕ್ಕೇನಂತೆ" ಎಂದು ಅನ್ಸೆಲ್ಮೊ ಗೇರು ಹಾಕಿದ. ಕಾಸ್ತ್ರೊ ಬಾರೋಸ್ ಕಡೆಗೆ ತಿರುಗುವ ಮೂಲೆಗೆ ಬಂದ. ಆಗ ಅವನ ಕೈಗಳು, ಅವನನ್ನು ಒಂದು ಮಾತು ಕೇಳದೆ, ಸ್ಟಿಯರಿಂಗನ್ನು ಇನ್ನೊಂದು ಕಡೆ ತಿರುಗಿಸಿಬಿಟ್ಟವು. ಒಂದು ಸುತ್ತು ಹಾಕಿ ಮತ್ತೆ ಬಂದ. ಮತ್ತೆ ಹಾಗೇ. ಮೂರನೆಯ ಸಲ ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಬೈಯುವಾಗ ಅನ್ಸೆಲ್ಮೊನ ಕತ್ತಿನ ಹಿಂದೆ ಬೆವರಿಳಿಯುತ್ತಿತ್ತು, ಆ ದೇಶದ ಜೂನ್ ತಿಂಗಳ ಚಳಿಯಲ್ಲಿ.

"ಪರವಾಗಿಲ್ಲ, ಇಲ್ಲೇ ಇಳೀತೀನಿ" ಎಂದರು ರೆಬೆಕಾ. ಅದೇ ಅವನಿಗೆ ಹೆಚ್ಚು ಕಿರಿಕಿರಿಯಾಯಿತು.

ಮನೆಗೆ ಬಂದವನು ಬಾಗಿಲಲ್ಲೇ ಶುರುಮಾಡಿದ. "ಗಾಡೀದು ಸ್ಟಿಯರಿಂಗ್ ಕೆಟ್ಟಿದೆ ನಿಲ್ದಾ. ಕಾಸ್ತ್ರೊ ಬಾರೋಸ್‌ಗೆ ತಿರುಗೋದೇ ಇಲ್ಲ ಅನ್ನುತ್ತೆ."

ನಿಲ್ದಾ ಮಾಟೆ ಕಷಾಯದ ಸೋರೆಬುರುಡೆಗೆ ಬಿಸಿನೀರು ಹೊಯ್ಯುತ್ತಿದ್ದಳು. ತಲೆಯೆತ್ತಲೇ ಇಲ್ಲ. "ಈ ಗಾಡೀದೂ ಕೆಡ್ತಾ? ಇದರ ಹಿಂದಿಂದು, ಅದರ ಹಿಂದಿಂದು, ಎಲ್ಲಕ್ಕೂ ಅದೇ ರೋಗ ಇತ್ತಲ್ಲೋ ಡುಮ್ಮ."

"ಅಂದ್ರೆ?"

"ಅಂದ್ರೆ ನೀನು ಆ ಬೀದಿಗೆ ಹೋಗಲ್ಲ. ಮದುವೆಯಾದಾಗಿಂದ ನೋಡ್ತಿದೀನಿ. ಮಗಳಿಗೆ ಅಪೆಂಡಿಕ್ಸ್ ಆದಾಗ ಆಸ್ಪತ್ರೆ ಆ ಬೀದೀಲಿತ್ತು. ಹೊಟ್ಟೆ ಹಿಡ್ಕೊಂಡು ಬಗ್ಗಿದ ಹುಡುಗೀನ ಎರಡು ಬೀದಿ ಆಚೆ ಇಳಿಸಿ ನಡೆಸಿದೆ. ಗಾಳಿ ತಗೊಂಡ್ರೆ ಒಳ್ಳೇದು ಅಂದೆ."

"ಹೇಳಬಾರದಿತ್ತಾ ನಂಗೆ?"

"ನಿಂಗೆ ಗೊತ್ತಿದೆ ಅಂದ್ಕೊಂಡಿದ್ವಿ. ಎಲ್ಲಾನೂ ಹೇಳೋನು, ಇದೊಂದು ಹೇಳ್ತಿಲ್ಲ ಅಂದ್ರೆ ಏನೋ ಇರಬೇಕು ಅಂತ ಸುಮ್ಮನಿದ್ವಿ."

ಅನ್ಸೆಲ್ಮೊ ಕುರ್ಚಿಯಲ್ಲಿ ಕುಳಿತುಬಿಟ್ಟ. ಊರಿನ ಒಂದು ಬೀದಿಯನ್ನು ಇಷ್ಟು ವರ್ಷ ತಾನೇ ತಪ್ಪಿಸಿಕೊಂಡು ತಿರುಗಿದ್ದು ತನಗೊಬ್ಬನಿಗೆ ಬಿಟ್ಟು ಮನೆಮಂದಿಗೆಲ್ಲ ಗೊತ್ತಿತ್ತು. ಜಗಲಿಯ ಹಿಂದೆ ಯಾರೋ ಒಂದು ಬಾಗಿಲು ಇಟ್ಟು ಬೀಗ ಹಾಕಿದ್ದರು.

ಮರುದಿನ ರೆಬೆಕಾರನ್ನು ಹತ್ತಿಸಿಕೊಂಡವನೇ ಕೇಳಿದ. "ನನ್ನನ್ನ ನಿಮ್ಮ ಮಂಚದ ಮೇಲೆ ಮಲಗಿಸ್ಕೊಳ್ತೀರಾ ಡಾಕ್ಟ್ರೇ?"

"ಆಗೋಲ್ಲ. ನಾನು ನಿಮ್ಮ ಗಿರಾಕಿ. ಗುರುತಿರೋರನ್ನ ನೋಡೋ ಹಾಗಿಲ್ಲ. ಬೇಕಾದ್ರೆ ಒಳ್ಳೆಯೋರ ಹೆಸರು ಕೊಡ್ತೀನಿ."

"ಬೇರೆಯೋರ ಹತ್ರ ನಂಗೆ ಮಾತು ಬರಲ್ಲ" ಎಂದ ಅನ್ಸೆಲ್ಮೊ. ಹಿಂದಿನ ಸೀಟಿನಿಂದ ಒಂದು ಕೆಮ್ಮು ಕೇಳಿಸಿತು. ನಗು ನುಂಗಿದ ಕೆಮ್ಮು.

ಆದರೂ ಅವನು ಮಾತಾಡುತ್ತ ಹೋದ. ಮುಖ ಮುಂದಕ್ಕೆ, ಕಣ್ಣು ರಸ್ತೆಯ ಮೇಲೆ. ಹಿಂದೆ ಕಾಣದಂತೆ ಕೂತ ಹೆಂಗಸು ಆಗೊಮ್ಮೆ ಈಗೊಮ್ಮೆ "ಹೂಂ" ಎನ್ನುತ್ತಿದ್ದರು. "ಮಂಚ ಒಂದಿಲ್ಲ, ಮಿಕ್ಕಿದ್ದೆಲ್ಲ ಅದೇ ಅಲ್ವೇನೋ" ಎಂದು ನಿಲ್ದಾ ನಕ್ಕಳು, ಇದನ್ನು ಕೇಳಿದಾಗ. ಮಂಡಿನೋವು, ಡೋಲು, ತೊಟ್ಟಿಕ್ಕುವ ನೀರು ಎಲ್ಲ ಹೇಳಿ ಮುಗಿದ ಮೇಲೆ ಅವನಿಗೆ ಹೇಳಲು ಏನೂ ಉಳಿಯಲಿಲ್ಲ. ಆಗ ಟ್ಯಾಕ್ಸಿಯಲ್ಲಿ ಮೌನ ಬಂತು. ಅದನ್ನು ತಡೆಯಲಾರದೆ ಅವನು ದಾರಿಯ ಅಂಗಡಿಗಳ ಬೋರ್ಡುಗಳನ್ನು ಗಟ್ಟಿಯಾಗಿ ಓದತೊಡಗಿದ.

ಗಂಟು ಬಿಚ್ಚಿದ್ದು ಒಂದು ಕೇಕಿನ ಡಬ್ಬಿಯಿಂದ. ಮೊಮ್ಮಗನ ಹುಟ್ಟುಹಬ್ಬವೆಂದು ರೆಬೆಕಾ ಅಂದು ದಾರ ಕಟ್ಟಿದ ಬಿಳಿ ಡಬ್ಬಿ ಹಿಡಿದು ಹತ್ತಿದ್ದರು. ಮೊಟ್ಟೆಯ ಬಿಳಿಭಾಗಕ್ಕೆ ಸಕ್ಕರೆ ಹಾಕಿ ಬುರುಗೆಬ್ಬಿಸಿ ಸುಡುವ ಮೆರಿಂಗ್, ನಡುವೆ ಕ್ರೀಮು. ಕಿಟಕಿಗಳೆಲ್ಲ ಮುಚ್ಚಿದ್ದವು. ಸುಟ್ಟ ಸಕ್ಕರೆಯ ವಾಸನೆ ಗಾಡಿಯೆಲ್ಲ ತುಂಬಿತು. ಬೊಯೆದೊ ಮೂಲೆಯಲ್ಲಿ ಬ್ರೇಕು ಹಾಕಿ ಅನ್ಸೆಲ್ಮೊ ಎಂದಿನಂತೆ ಹೇಳಿದ:

"ಬಂತು, ಇಳೀರಿ ಬೆಬಾ ಚಿಕ್ಕಮ್ಮ."

ಇಳಿಯಹೊರಟ ರೆಬೆಕಾ ಡಬ್ಬಿಯನ್ನು ಮತ್ತೆ ಸೀಟಿನ ಮೇಲಿಟ್ಟರು.

"ಬೆಬಾ ಯಾರು?" ಎಂದರು ರೆಬೆಕಾ.

"ಯಾವ ಬೆಬಾ?"

"ನೀವೀಗ ಕರೆದ್ರಲ್ಲ."

"ನಾನಾ? ಆ ಹೆಸರಿನೋರು ನಮ್ಮ ವಂಶದಲ್ಲೇ ಇಲ್ಲ ಡಾಕ್ಟ್ರೇ."

"ಹೂಂ" ಎಂದು ರೆಬೆಕಾ ಡಬ್ಬಿ ಎತ್ತಿಕೊಂಡು ಇಳಿದರು.

ಮರುದಿನ ಬೆಳಗ್ಗೆ ಟ್ಯಾಕ್ಸಿ ತೊಳೆಯುವಾಗ ಅನ್ಸೆಲ್ಮೊನ ಕೈಯಿಂದ ಬಟ್ಟೆ ಬಕೆಟ್ಟಿಗೆ ಬಿತ್ತು. ಅಮೃತಶಿಲೆಯ ದುಂಡು ಮೇಜು ಕಂಡಿತು. ನೆಲಕ್ಕೆ ತಾಕದೆ ತೂಗಾಡುವ ತನ್ನದೇ ಎರಡು ಕಾಲು. ಮೇಜಿನ ಮೇಲೆ ಬಿಚ್ಚಿಟ್ಟ ಹೆಂಗಸಿನ ಕೈಗವಸು, ಎಲೆಹಸಿರು ಬಣ್ಣದ್ದು. ಆ ಕೈಗವಸಿನ ಮೇಲೆ ಟ್ರಾಮ್ ಓಡಿಸುವ ಅಪ್ಪನ ಕೈ. ಅಪ್ಪ ಅತಿಲಿಯೊ ಆ ದಿನ ಉಗುರಿನ ಕೊಳೆಯನ್ನೆಲ್ಲ ತೆಗೆದಿದ್ದ. "ಇವರು ಬೆಬಾ ಚಿಕ್ಕಮ್ಮ. ತಿನ್ನು ಮರಿ, ಇನ್ನೊಂದು ಮೆರಿಂಗ್ ತಿನ್ನು." ಗುರುವಾರ ಅಪ್ಪನಿಗೆ ರಜೆ. ಗುರುವಾರ ಬಂದರೆ ಕಾಸ್ತ್ರೊ ಬಾರೋಸ್ ಮೂಲೆಯ ಸಿಹಿ ಅಂಗಡಿ. ಮನೆಗೆ ಮರಳುವಾಗ ಅಪ್ಪ ತುಟಿಯ ಮೇಲೆ ಬೆರಳಿಡುತ್ತಿದ್ದ. "ಅಮ್ಮಂಗೆ ಹೇಳ್ಬೇಡ. ನಾವಿಬ್ರೂ ಗಂಡಸರು, ಅಲ್ವಾ?"

ಕೊನೆಯ ಗುರುವಾರವೂ ನೆನಪಾಯಿತು. ಅಮ್ಮ ಬಾಗಿಲಲ್ಲೇ ನಿಂತು "ಎಲ್ಲಿಗೆ ಹೋಗಿದ್ರೋ ಮರಿ?" ಎಂದಿದ್ದಳು. ಹುಡುಗ ಬಾಯಿ ತೆರೆದ. ಮಾತಿನ ಬದಲು ಮೆರಿಂಗ್ ಬಂತು, ಅಷ್ಟೂ ಅಮ್ಮನ ಚಪ್ಪಲಿಯ ಮೇಲೆ. ಅಪ್ಪ ಮತ್ತೆಂದೂ ಅವನನ್ನು ಕರೆದೊಯ್ಯಲಿಲ್ಲ. ಹುಡುಗ ಗುಟ್ಟನ್ನು ಎಷ್ಟು ಜೋಪಾನವಾಗಿ ಇಟ್ಟನೆಂದರೆ ಎಲ್ಲಿಟ್ಟನೆಂಬುದು ಅವನಿಗೇ ಮರೆತುಹೋಯಿತು.

ಅಂದು ಸಂಜೆ ರಿವದಾವಿಯ ರಸ್ತೆಯಲ್ಲಿ ಯಾವುದೋ ಮೆರವಣಿಗೆ. ಗಾಡಿಗಳು ಅಲ್ಲಾಡದೆ ನಿಂತಿದ್ದವು. ಅನ್ಸೆಲ್ಮೊ ಎಲ್ಲವನ್ನೂ ಹೇಳಿದ. ಕೊನೆಗೆ ಅವನೇ ಯೋಚಿಸಿ ಯೋಚಿಸಿ ಹೇಳಿದ.

"ಅದಕ್ಕೇ ಏನೋ ಡಾಕ್ಟ್ರೇ ನಾನು ಹೀಗೆ ವಟವಟ ಅನ್ನೋದು. ಬಾಯ್ತುಂಬ ಬೇರೆ ಮಾತಿದ್ರೆ ಆ ಮಾತು ಹೊರಗೆ ಬರೋಕೆ ಜಾಗ ಇರಲ್ಲ. ಯಾರಾದ್ರೂ ಏನಾದ್ರೂ ಕೇಳೋಕ್ಮುಂಚೆ ನಾನೇ ಎಲ್ಲ ಹೇಳಿಬಿಟ್ರೆ ಯಾರೂ ಏನೂ ಕೇಳಲ್ಲ."

"ಇರಬಹುದು" ಎಂದರು ರೆಬೆಕಾ. "ನಾನು ನಿಮ್ಮ ಡಾಕ್ಟರಲ್ಲ, ಆದ್ರೂ ಒಂದು ಮಾತು. ಆ ಹುಡುಗ ತುಂಬಾ ನಿಯತ್ತಿನೋನು. ಇಬ್ಬರನ್ನೂ ಕಾಪಾಡಿದ. ಅವನ ಮೇಲೆ ಸಿಟ್ಟಾಗಬೇಡಿ."

ಮೆರವಣಿಗೆ ಮುಗಿದು ದಾರಿ ಬಿಟ್ಟಿತು. ತಿರುವಿನಲ್ಲಿ ಎಂಜಿನ್ ಒಮ್ಮೆ ನಿಂತೂ ಹೋಯಿತು, ಆದರೆ ಟ್ಯಾಕ್ಸಿ ಕಾಸ್ತ್ರೊ ಬಾರೋಸ್‌ಗೆ ತಿರುಗಿತು. ಎಲೆ ಉದುರಿದ ಸಾಲುಮರ, ಬಾಲ್ಕನಿಯಲ್ಲಿ ಒಣಹಾಕಿದ ಚಾದರ, ನಾಯಿ ಹಿಡಿದು ನಡೆವ ಮುದುಕ. ಮೂಲೆಯ ಸಿಹಿ ಅಂಗಡಿಯಿದ್ದ ಜಾಗದಲ್ಲಿ ಜೆರಾಕ್ಸ್ ಅಂಗಡಿ ಬಂದಿತ್ತು. ಅನ್ಸೆಲ್ಮೊಗೆ ಯಾರೋ ಮೋಸ ಮಾಡಿದಂತಾಯಿತು.

"ಇಷ್ಟೇನಾ?" ಎಂದ.

"ಬೀದಿ ಇಷ್ಟೇ. ಮೀಟರಿನ ಬಾಡಿಗೆ ಮಾತ್ರ ಇಷ್ಟೇ ಅಲ್ಲ" ಎಂದು ರೆಬೆಕಾ ಬಾಗಿಲು ತೆರೆದು ತಮ್ಮ ಮನೆಯ ಮುಂದೆಯೇ ಇಳಿದರು.

ನಿಲ್ದಾ ಆ ಶನಿವಾರವೇ ಹೋಗಿ ಮೆರಿಂಗ್ ತಂದಳು. ಇನ್ನು ಗಂಡ ಸಿಹಿ ತಿಂದೇ ತಿನ್ನುತ್ತಾನೆಂದು ಅವಳ ಆಸೆ. ಅಯೆಲೆನ್ ಡೋಲು ಪಕ್ಕಕ್ಕಿಟ್ಟು ನೋಡಲು ಬಂದಳು. ಅನ್ಸೆಲ್ಮೊ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿದ.

"ಏನನ್ನಿಸ್ತಿದೆ ಅಪ್ಪ?"

"ಸಿಹಿ ಜಾಸ್ತಿ" ಎಂದು ಉಳಿದದ್ದನ್ನು ಅವಳ ತಟ್ಟೆಗೆ ಹಾಕಿದ.

ಆದರೆ ಅಮ್ಮನಿಗೆ ಹೇಳುವುದೊಂದು ಬಾಕಿಯಿತ್ತು. ಅಮ್ಮ ಎರ್ಮೆಲಿಂದಾ, ಗಂಡ ತೀರಿಕೊಂಡ ಮೇಲೆ, ಮತಾದೆರೋಸ್ ಕಡೆ ಒಂಟಿಯಾಗಿ, ತನ್ನಿಷ್ಟದಂತೆ ಬದುಕುತ್ತಿದ್ದಳು. ಭಾನುವಾರ ಮಧ್ಯಾಹ್ನ ಎಲ್ಲರೂ ಅವಳ ಮನೆಗೆ ರವಿಯೋಲಿ ಕಡುಬಿನ ಊಟಕ್ಕೆ ಹೋಗಬೇಕು, ಅದು ಕಾಯಿದೆ. ಆ ಭಾನುವಾರ ಅನ್ಸೆಲ್ಮೊ ಊಟದ ಮೇಜಿನಲ್ಲಿ ಮಾತೇ ಆಡಲಿಲ್ಲ. ಅಮ್ಮ ಎದ್ದು ಬಂದು ಅವನ ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ಲ. ನಿಲ್ದಾ, ಇವನಿಗೇನು ಹಾಕಿದೆಯಮ್ಮ?"

"ನಾನೇನೂ ಹಾಕಿಲ್ಲ ಅತ್ತೆ. ಒಳಗೇ ಏನೋ ಇತ್ತಂತೆ."

ಅಮ್ಮ ಚೀಸ್ ತುರಿಯಲು ಅಡುಗೆಮನೆಗೆ ಹೋದಾಗ ಅನ್ಸೆಲ್ಮೊ ಹಿಂದೆಯೇ ಹೋಗಿ ಬಾಗಿಲು ಮುಚ್ಚಿದ. "ಅಮ್ಮ, ಅಪ್ಪನ ವಿಷಯ ಒಂದು ಹೇಳ್ಬೇಕು. ಕೂತ್ಕೋ."

"ನಿಂತೇ ಕೇಳ್ತೀನಿ, ರವಿಯೋಲಿ ಆರುತ್ತೆ."

"ಅಪ್ಪ ಗುರುವಾರ ನನ್ನನ್ನ ಪಾರ್ಕಿಗೆ ಕರ್ಕೊಂಡು ಹೋಗ್ತಿರಲಿಲ್ಲ. ಅಲ್ಲೊಬ್ಬರು... ಬೆಬಾ ಅಂತ..."

"ಹಸಿರು ಕೈಗವಸಿನೋಳು" ಎಂದಳು ಎರ್ಮೆಲಿಂದಾ. ತುರಿಯುವ ಕೈ ನಿಲ್ಲಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಲೋ, ನಿಮ್ಮಪ್ಪ ಉಗುರು ಕ್ಲೀನು ಮಾಡ್ಕೊಂಡು ಮಗನ್ನ ಪಾರ್ಕಿಗೆ ಕರ್ಕೊಂಡು ಹೋಗ್ತಾನೆ ಅಂದ್ರೆ ನಂಬೋಕೆ ನಾನೇನು ದಡ್ಡೀನಾ? ಒಂದಿನ ಹಿಂದೇನೇ ಬಂದೆ. ಗಾಜಿನಾಚೆ ನಿಂತು ನೋಡ್ದೆ. ನಿನ್ನ ಮೂಗಿನ ಮೇಲೆ ಕ್ರೀಮಿತ್ತು. ಅಷ್ಟು ಖುಷಿಯಾಗಿ ತಿಂತಿದ್ದೆ. ಒಳಗೆ ನುಗ್ಗಿ ನಿನ್ನ ತಿಂಡಿ ಯಾಕೆ ಹಾಳು ಮಾಡೋದು ಅಂತ ವಾಪಸ್ ಬಂದೆ."

"ಆಮೇಲೆ?"

"ಆಮೇಲೇನು. ಒಂದು ವಾರ ಅತ್ತೆ. ಅವನ ಅಂಗಿಗಳದ್ದೆಲ್ಲ ಗುಂಡಿ ಕತ್ತರಿಸಿ ಹಾಕ್ದೆ. ಎದೆ ಬಿಟ್ಕೊಂಡು ಟ್ರಾಮ್ ಓಡಿಸ್ದ. ಆಮೇಲೆ ಅವಳು ರೊಸಾರಿಯೊದ ಹಲ್ಲಿನ ಡಾಕ್ಟರನ್ನ ಮದುವೆಯಾಗಿ ಹೊರಟೋದ್ಲು. ನಿಮ್ಮಪ್ಪ ಊಟ ಬಿಟ್ಟು ಸಪ್ಪಗೆ ಕೂತಿದ್ದ. ಪಾಪ ಅನ್ನಿಸ್ತು, ನಾನೇ ಸಮಾಧಾನ ಮಾಡ್ದೆ."

ಅನ್ಸೆಲ್ಮೊಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟು, ಅದರ ಬೆನ್ನಿಗೆ ಕಣ್ಣೀರು. "ನಂಗ್ಯಾಕೆ ಹೇಳ್ಲಿಲ್ಲಮ್ಮ ನೀನು? ನಿಂಗೆ ಗೊತ್ತಾಗಬಾರದು ಅಂತ ನಾನು ಇಷ್ಟು ವರ್ಷ ಊರೆಲ್ಲ ಸುತ್ತು ಹಾಕಿದೀನಿ. ಎಷ್ಟು ಡೀಸೆಲ್ ಹೋಯ್ತು ಗೊತ್ತಾ?"

"ನಿಮ್ಮಪ್ಪನ ಹತ್ರ ಇಸ್ಕೋ" ಎಂದಳು ಅಮ್ಮ. ಆಮೇಲೆ ತುರಿಮಣೆ ಕೆಳಗಿಟ್ಟು, ಚೀಸಿನ ಪುಡಿ ಮೆತ್ತಿದ ಕೈಯಲ್ಲೇ ಮಗನ ಕೆನ್ನೆ ಹಿಡಿದಳು. "ನಿಂಗೆ ಕ್ರೀಮು ಬಿಟ್ಟು ಏನೂ ಕಾಣಿಸ್ತಿರಲಿಲ್ಲ ಅಂದ್ಕೊಂಡಿದ್ದೆ ಕಣೋ. ಅಷ್ಟು ಚಿಕ್ಕವನಿದ್ದೆ. ನೀನು ವಾಂತಿ ಮಾಡ್ದಾಗ ಅಜೀರ್ಣ ಅಂತ ಸೋಂಪು ಕುದಿಸಿ ಕುಡಿಸ್ದೆ. ಎಂಥ ಅಮ್ಮನೋ ನಾನು."

"ನಿಂಗೆ ತುಂಬಾ ನೋವಾಯ್ತಾ?"

"ನಂಗಾ? ನಂಗೇನಾಗುತ್ತೆ. ಆವತ್ತೇ ಮರ್ತೆ."

ಅನ್ಸೆಲ್ಮೊ ಅಡುಗೆಮನೆಯನ್ನು ಸುತ್ತಲೂ ನೋಡಿದ. ಹಳದಿ ಪರದೆ, ನೀಲಿ ತಟ್ಟೆ, ಕೆಂಪು ಕೆಟಲ್ಲು. ಹಸಿರೆಂಬುದು ಒಂದು ಚೂರೂ ಇಲ್ಲ. ಮನೆಯೆಲ್ಲ ನೆನಪು ಮಾಡಿಕೊಂಡ, ಎಲ್ಲೂ ಇಲ್ಲ. ನಿಲ್ದಾ ತಂದುಕೊಟ್ಟ ಹಸಿರು ಶಾಲು ಬೀರುವಿನಲ್ಲಿ ಮಡಿಕೆ ಬಿಚ್ಚದೆ ಬಿದ್ದಿತ್ತು. ಮನೆಮನೆಯಲ್ಲೂ ಟೊಮ್ಯಾಟೊ ಸಾರಿನ ಮೇಲೆ ಉದುರಿಸುವ ಸೊಪ್ಪು ಈ ಮನೆಯಲ್ಲಿ ಮಾತ್ರ ಇಲ್ಲ; ಅದು ಅಮ್ಮನ ತವರಿನ ಪದ್ಧತಿ ಎಂದೇ ಅವನು ಬಾಲ್ಯದಿಂದ ತಿಳಿದಿದ್ದ. ಮಾತು ಬಾಯಿಯವರೆಗೂ ಬಂತು. ಅಮ್ಮನ ಮುಖ ನೋಡಿದ. ತುರಿದ ಚೀಸಿನ ಬಟ್ಟಲು ಎತ್ತಿಕೊಂಡು "ನಡಿ, ಆರೋಗುತ್ತೆ" ಎಂದಷ್ಟೇ ಹೇಳಿದ. ನಿಲ್ದಾಳಿಗೂ ಅದನ್ನು ಹೇಳಲಿಲ್ಲ. ಬೇಕೆಂದೇ ಅವನು ಬಚ್ಚಿಟ್ಟ ಗುಟ್ಟು ಅದೊಂದೇ.

ಆಮೇಲೆ ಅನ್ಸೆಲ್ಮೊ ಬದಲಾದನೇ ಎಂದರೆ, ನಿಲ್ದಾ ಅರ್ಧ ಹೌದು ಎನ್ನುತ್ತಾಳೆ. ಮಾತು ನಿಲ್ಲಲಿಲ್ಲ. ಆದರೆ ಈಗ ನಡುನಡುವೆ ನಿಲ್ಲಿಸಿ ಹಿಂದೆ ಕೂತವರನ್ನು "ನಿಮ್ದೇನು ಕತೆ?" ಎಂದು ಕೇಳುತ್ತಿದ್ದ. ಉತ್ತರವನ್ನೂ ಕೇಳಿಸಿಕೊಳ್ಳುತ್ತಿದ್ದ. ಗ್ವೇಮೆಸ್ ಚೌಕದ ಗಿರಾಕಿಗಳು ಅವನ ಗಾಡಿಗೇ ಕಾದು ಹತ್ತತೊಡಗಿದರು. ರೆಬೆಕಾರ ಕೈ ವಾಸಿಯಾಯಿತು, ಆದರೆ ಅವರು ಕಾರು ಮಾರಿ ಟ್ಯಾಕ್ಸಿಯಲ್ಲೇ ಓಡಾಡಿದರು. ದಾರಿಯುದ್ದಕ್ಕೂ ಈಗ ತಮ್ಮ ಸೊಸೆಯ ವಿಷಯ ಅವರೇ ಹೇಳುತ್ತಿದ್ದರು. ಅನ್ಸೆಲ್ಮೊ "ಹೂಂ" ಎನ್ನುತ್ತಿದ್ದ.

ಎರ್ಮೆಲಿಂದಾಳಿಗೂ ಒಂದು ಹೊಸ ಚಟ ಹತ್ತಿತು. "ಗಂಡನ ಗುರುವಾರ ಎಲ್ಲ ಅವಳಿಗೆ ಹೋಯ್ತು. ಮಗನ ಗುರುವಾರ ನಂಗಿರಲಿ" ಎಂದು ಹಟ ಹಿಡಿದು, ಗುರುವಾರ ಮಧ್ಯಾಹ್ನ ತುಟಿಗೆ ಬಣ್ಣ ಹಚ್ಚಿಕೊಂಡು ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಬಂದು ಕೂರುತ್ತಿದ್ದಳು. ಊರೆಲ್ಲ ತಿರುಗಬೇಕು. ಹತ್ತಿದಲ್ಲಿಂದ ಇಳಿಯುವವರೆಗೆ ಬಾಯಿ ಮುಚ್ಚುತ್ತಿರಲಿಲ್ಲ. ಇಷ್ಟು ಮಾತು ಇವಳು ಎಲ್ಲಿಟ್ಟಿದ್ದಳೆಂದು ಮಗನಿಗೆ ಬೆರಗು.

ವಸಂತ ಬಂದು ಜಕರಂದ ಮರಗಳು ನೇರಳೆ ಹೂ ಬಿಟ್ಟಿದ್ದ ಒಂದು ಗುರುವಾರ ಅನ್ಸೆಲ್ಮೊ ಸುಮ್ಮನೆ ಕೇಳಿದ. "ನಾವು ಅಲ್ಲಿ ಸಿಹಿ ತಿನ್ನೋವಾಗ ನೀನು ಮನೇಲಿ ಒಬ್ಬಳೇ ಏನು ಮಾಡ್ತಿದ್ದೆ ಅಮ್ಮ? ಬೇಜಾರಾಗ್ತಿರಲಿಲ್ವಾ?"

"ಮನೇಲಿರ್ತಿದ್ದೆ ಅಂತ ಯಾರು ಹೇಳಿದ್ರು ನಿಂಗೆ?" ಎಂದಳು ಎರ್ಮೆಲಿಂದಾ.

ಅವನು ತಿರುಗಿ ನೋಡಿದ. ಅವಳು ಕಿಟಕಿಯ ಗಾಜು ಇಳಿಸಿ ಹೂಮರಗಳನ್ನು ನೋಡುತ್ತಿದ್ದಳು, ಮುಖದಲ್ಲಿ ಎಂಥದೋ ಹುಡುಗಾಟ. ಕೇಳಬೇಕಾದ ಪ್ರಶ್ನೆ ನೂರಿದ್ದವು.

"ರಸ್ತೆ ನೋಡು" ಎಂದಳು ಅಮ್ಮ. "ಮುಂದಿನ ಮೂಲೇಲಿ ಎಡಕ್ಕೆ ತಿರುಗು. ಅಲ್ಲೊಂದು ಮನೆ ಇತ್ತು. ಇದೆಯೋ ಇಲ್ವೋ ನೋಡೋಣ."

ಅನ್ಸೆಲ್ಮೊ ಎಡಕ್ಕೆ ತಿರುಗಿದ.